24 ಕುರ್ಚಿಗಳ ಸೆನೆಟ್: ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಗಡಿ ಗೆರೆ ಎಳೆಯೋದು ಯಾರು?

2019ರ ಮೇ 30. ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಪುಟ್ಟ ರಾಜ್ಯ ನ್ಯೂ ಹ್ಯಾಂಪ್‌ಶೈರ್. ರಾಜಧಾನಿ ಕಾನ್‌ಕಾರ್ಡ್‌ನ ಸೆನೆಟ್ ಸಭಾಂಗಣದಲ್ಲಿ ಅವತ್ತು ಮತ ಹಾಕಬೇಕಿದ್ದವರು ಬರೀ 24 ಜನ. ಮುಂದಿದ್ದ ಪ್ರಶ್ನೆ ಮಾತ್ರ ದೊಡ್ಡದು: ಈ ರಾಜ್ಯದಲ್ಲಿ ಸರ್ಕಾರ ಒಬ್ಬ ಮನುಷ್ಯನ ಪ್ರಾಣ ತೆಗೆಯಬಹುದೋ, ಬೇಡವೋ?

ಮರಣದಂಡನೆ ರದ್ದು ಮಾಡುವ ಮಸೂದೆ ಎರಡೂ ಸದನಗಳಲ್ಲಿ ಪಾಸಾಗಿತ್ತು. ಗವರ್ನರ್ ಕ್ರಿಸ್ ಸುನುನು ಅದನ್ನು ವೀಟೋ ಮಾಡಿದ್ದರು. ಆ ವೀಟೋ ಮುರಿಯಬೇಕಾದರೆ ಮೂರನೇ ಎರಡರಷ್ಟು ಮತ ಬೇಕು. 24 ಜನರೂ ಹಾಜರಿದ್ದರೆ 16. ಎಣಿಸಿದಾಗ ಬಂದಿದ್ದು 16-8. ಒಂದೇ ಒಂದು ಮತ ಆಚೀಚೆ ಆಗಿದ್ದರೂ ಗಲ್ಲು ಉಳಿಯುತ್ತಿತ್ತು. ಒಂದು ವಾರ ಮೊದಲು ಕೆಳಮನೆಯಲ್ಲೂ ಹೀಗೇ ಆಗಿತ್ತು. 247-123. ಲೆಕ್ಕ ಹಾಕಿ ನೋಡಿ, 370 ಮತಗಳಲ್ಲಿ ಮೂರನೇ ಎರಡರಷ್ಟು ಅಂದರೆ 247. ಅಲ್ಲೂ ಒಂದು ಮತ ಕಮ್ಮಿ ಬಿದ್ದಿದ್ದರೆ ಕಥೆ ಮುಗೀತಿತ್ತು.

ಆ 16ರಲ್ಲಿ 12 ಡೆಮಾಕ್ರಟರು, 4 ರಿಪಬ್ಲಿಕನ್ನರು. ರಿಪಬ್ಲಿಕನ್ನರಲ್ಲಿ ಒಬ್ಬರು ಸ್ಟಾಡರ್ಡ್ ಎಂಬ ಸಣ್ಣ ಊರಿನ ರೂತ್ ವಾರ್ಡ್. ಅವರಿಗೆ 7 ವರ್ಷವಿದ್ದಾಗ ತಂದೆಯ ಕೊಲೆಯಾಗಿತ್ತು. ಕೊಂದವರನ್ನು ತಮ್ಮ ತಾಯಿ ಕ್ಷಮಿಸಿದ್ದರು, ಹಾಗಾಗಿ ತಾನು ವೀಟೋ ವಿರುದ್ಧ ಮತ ಹಾಕುತ್ತೇನೆ ಅಂತ ಸದನದಲ್ಲಿ ಹೇಳಿ ಕೂತರು. ಕೆಳಮನೆಯಲ್ಲಿ ಈ ಹೋರಾಟವನ್ನು ವರ್ಷಗಟ್ಟಲೆ ಹೊತ್ತು ನಡೆದಿದ್ದ ಡೆಮಾಕ್ರಟ್ ರೆನ್ನಿ ಕುಶಿಂಗ್ ಅವರ ತಂದೆಯೂ 1988ರಲ್ಲಿ ಮನೆ ಬಾಗಿಲಲ್ಲೇ ಗುಂಡೇಟಿಗೆ ಬಲಿಯಾದವರು.

ಇದಕ್ಕೆ ಹಿಂದಿನ ಲೆಕ್ಕವನ್ನೂ ನೋಡಬೇಕು. 2014ರಲ್ಲಿ ಇದೇ ಪ್ರಶ್ನೆ ಇದೇ ಸೆನೆಟ್ಟಿನಲ್ಲಿ 12-12 ಆಗಿ ಬಿದ್ದುಹೋಗಿತ್ತು. 2018ರಲ್ಲಿ ಪಾಸಾಯಿತು, ಗವರ್ನರ್ ವೀಟೋ ಮಾಡಿದರು, ಮುರಿಯಲು ಹೋದಾಗ 14-10. ಎರಡು ಮತ ಕಮ್ಮಿ. ಅದಾದ ಎರಡೇ ತಿಂಗಳಿಗೆ, 2018ರ ನವೆಂಬರ್‌ನಲ್ಲಿ ಚುನಾವಣೆ. ರಿಪಬ್ಲಿಕನ್ನರ ಕೈಯಲ್ಲಿ 14-10 ಇದ್ದ ಸೆನೆಟ್ ಉಲ್ಟಾ ಹೊಡೆದು ಡೆಮಾಕ್ರಟರ ಕೈಗೆ 14-10 ಆಗಿ ಬಂತು. ಮುಂದಿನ ಮೇ ತಿಂಗಳಲ್ಲಿ ಗಲ್ಲುಶಿಕ್ಷೆ ಹೋಯಿತು.

ಅಂದರೆ ನಾಲ್ಕೈದು ಕ್ಷೇತ್ರಗಳ ಫಲಿತಾಂಶ. ಅಮೆರಿಕದ ಚುನಾವಣೆ ಅಂದ ತಕ್ಷಣ ನಾವು ಟ್ರಂಪ್, ಬೈಡನ್, ಹ್ಯಾರಿಸ್ ಅಂತ ರಾತ್ರಿಯಿಡೀ ನಕ್ಷೆ ನೋಡಿಕೊಂಡು ಕೂರುತ್ತೇವೆ. ಆದರೆ ಅಲ್ಲಿನ ಜನರ ಬದುಕಿನ ಎಷ್ಟೋ ತೀರ್ಮಾನಗಳು (ಗಲ್ಲು, ಗರ್ಭಪಾತ, ಶಾಲೆಗೆ ಹಣ) ಆಗೋದು ಯಾರೂ ಹೆಸರು ಕೇಳದ ಇಂಥ ರಾಜ್ಯ ಸೆನೆಟ್‌ಗಳಲ್ಲಿ. ಆ ಸೆನೆಟ್‌ನ ಕ್ಷೇತ್ರಗಳಿಗೆ ಗೆರೆ ಎಳೆಯೋದು ಯಾರು ಅನ್ನೋದೇ ಈ ಲೇಖನದ ಪ್ರಶ್ನೆ.

ಉತ್ತರ ಕನ್ನಡದಷ್ಟು ಜನ, 424 ಶಾಸಕರು

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ವಾಷಿಂಗ್ಟನ್‌ನಲ್ಲಿರುವ 100 ಜನರ ಸೆನೆಟ್ ಬೇರೆ, ಇದು ಬೇರೆ. ನೆಬ್ರಾಸ್ಕ ಒಂದನ್ನು ಬಿಟ್ಟರೆ ಅಮೆರಿಕದ ಪ್ರತಿ ರಾಜ್ಯಕ್ಕೂ ತನ್ನದೇ ಎರಡು ಸದನಗಳಿವೆ. ಮೇಲಿನದಕ್ಕೆ ಸೆನೆಟ್ ಅಂತಾರೆ. ನಮ್ಮ ವಿಧಾನ ಪರಿಷತ್ತಿನ ಥರ ಅಂದುಕೊಂಡರೆ ತಪ್ಪಾಗುತ್ತೆ. ಅಲ್ಲಿ ಸೆನೆಟರುಗಳನ್ನು ಜನರೇ ನೇರವಾಗಿ ಆರಿಸುತ್ತಾರೆ, ಮತ್ತು ಸೆನೆಟ್ ಒಪ್ಪದೆ ಯಾವ ಕಾನೂನೂ ಆಗಲ್ಲ. ಗವರ್ನರ್ ಅಂದರೂ ದೆಹಲಿಯಿಂದ ಕಳಿಸುವ ರಾಜ್ಯಪಾಲರಲ್ಲ, ಜನ ಆರಿಸುವ ಆಡಳಿತದ ಮುಖ್ಯಸ್ಥ. ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ.

ನ್ಯೂ ಹ್ಯಾಂಪ್‌ಶೈರ್‌ನ ಜನಸಂಖ್ಯೆ 2020ರ ಗಣತಿಯಲ್ಲಿ 13,77,529. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ 2011ರಲ್ಲೇ ಇದಕ್ಕಿಂತ ಸ್ವಲ್ಪ ಹೆಚ್ಚು, 14 ಲಕ್ಷ ದಾಟಿದ ಜನ ಇದ್ದರು. ಹಳಿಯಾಳದಿಂದ ಭಟ್ಕಳದವರೆಗೆ ನಾವು ಆರು ಶಾಸಕರನ್ನು ಕಳಿಸುತ್ತೇವೆ. ಅವರು ಕೆಳಮನೆಗೆ 400 ಜನ, ಸೆನೆಟ್‌ಗೆ 24 ಜನ ಕಳಿಸುತ್ತಾರೆ. ಅಮೆರಿಕದಲ್ಲೇ ಅತಿ ದೊಡ್ಡ ಕೆಳಮನೆ ಇರುವುದು ಈ ಪುಟ್ಟ ರಾಜ್ಯದಲ್ಲಿ. ಸುಮಾರು 3,400 ಜನಕ್ಕೊಬ್ಬ ಪ್ರತಿನಿಧಿ. ಇದು ನಮ್ಮ ಗ್ರಾಮ ಪಂಚಾಯತಿಯ ಅಳತೆ.

ಸಂಬಳ? ಎರಡು ವರ್ಷದ ಅವಧಿಗೆ 200 ಡಾಲರ್. 1889ರಲ್ಲಿ ಸಂವಿಧಾನದಲ್ಲಿ ಬರೆದ ಮೊತ್ತ, ಇವತ್ತಿಗೂ ಅದೇ. ದುಡ್ಡಿಗಾಗಿ ಯಾರೂ ರಾಜಕಾರಣಕ್ಕೆ ಬರಲ್ಲ ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ನಿವೃತ್ತರು, ಅನುಕೂಲಸ್ಥರು ಬಿಟ್ಟರೆ ಬೇರೆಯವರು ಬರೋಕೇ ಆಗಲ್ಲ ಅನ್ನೋದು ಅದರ ಇನ್ನೊಂದು ಮುಖ. ದಿನಗೂಲಿ ಮಾಡುವವರು, ಸಣ್ಣ ಮಕ್ಕಳಿರುವ ತಾಯಿ ವಾರಕ್ಕೆರಡು ದಿನ ಕಾನ್‌ಕಾರ್ಡ್‌ಗೆ ಹೋಗಿ ಪುಕ್ಕಟೆ ಕೂತು ಬರೋಕಾಗುತ್ತಾ?

ಕೆಳಮನೆ ಜಾತ್ರೆ ಇದ್ದ ಹಾಗೆ. ಸೆನೆಟ್ ಹಾಗಲ್ಲ. ಒಂದೊಂದು ಕ್ಷೇತ್ರಕ್ಕೆ ಸುಮಾರು 57,000 ಜನ. 24ಕ್ಕೆ 24 ಸ್ಥಾನಗಳಿಗೂ ಎರಡು ವರ್ಷಕ್ಕೊಮ್ಮೆ ಒಟ್ಟಿಗೇ ಚುನಾವಣೆ. ಇಷ್ಟು ಸಣ್ಣ ಸದನದಲ್ಲಿ ಒಂದೊಂದು ಕುರ್ಚಿಗೂ ಬೆಲೆ ಇದೆ. ಸಾಮಾನ್ಯ ಮಸೂದೆ ಪಾಸಾಗಲು 13. ಸಂವಿಧಾನ ತಿದ್ದುಪಡಿಯನ್ನು ಜನರ ಮುಂದಿಡಲು ಐದನೇ ಮೂರರಷ್ಟು ಬೇಕು, ಅಂದರೆ 15. ವೀಟೋ ಮುರಿಯಲು 16. ಇನ್ನೊಂದು ವಿಚಿತ್ರ ಏನಂದ್ರೆ, ಸದಸ್ಯರ ಸಂಖ್ಯೆ ಸಮ, ಆದರೆ ಸಮಬಲ ಆದಾಗ ನಿರ್ಣಾಯಕ ಮತ ಹಾಕಲು ಬೇರೆ ಹಲವು ರಾಜ್ಯಗಳಲ್ಲಿರುವ ಲೆಫ್ಟಿನೆಂಟ್ ಗವರ್ನರ್ ಹುದ್ದೆಯೇ ಇಲ್ಲಿಲ್ಲ. 12-12 ಆದರೆ ಮಸೂದೆ ಸತ್ತಂತೆ. 2014ರಲ್ಲಿ ಆಗಿದ್ದು ಅದೇ.

ತೆರಿಗೆ ಕಟ್ಟಿದಷ್ಟು ಸೆನೆಟರ್

ಇಲ್ಲಿ ಸ್ವಲ್ಪ ಇತಿಹಾಸ ಬೇಕು, ಯಾಕಂದ್ರೆ ನಾನು ಮೊದಲ ಸಲ ಓದಿದಾಗ ನಂಬೋಕೆ ಕಷ್ಟವಾದ ಸಂಗತಿ ಇದು. 1784ರ ಸಂವಿಧಾನದ ಕಾಲದಿಂದ ನ್ಯೂ ಹ್ಯಾಂಪ್‌ಶೈರ್‌ನ ಸೆನೆಟ್ ಕ್ಷೇತ್ರಗಳನ್ನು ವಿಂಗಡಿಸುತ್ತಿದ್ದುದು ಜನಸಂಖ್ಯೆಯ ಮೇಲಲ್ಲ. ಯಾವ ಪ್ರದೇಶ ಎಷ್ಟು ತೆರಿಗೆ ಕಟ್ಟುತ್ತೆ ಅನ್ನೋದರ ಮೇಲೆ. ಹೆಚ್ಚು ತೆರಿಗೆ ಕಟ್ಟುವ ಕಡೆ ಕಡಿಮೆ ಜನಕ್ಕೂ ಒಬ್ಬ ಸೆನೆಟರ್, ಬಡ ಪ್ರದೇಶದಲ್ಲಿ ಹೆಚ್ಚು ಜನ ಸೇರಿ ಒಬ್ಬ ಸೆನೆಟರ್. ಕೆಳಮನೆ ಜನರಿಗೆ, ಮೇಲ್ಮನೆ ಆಸ್ತಿಗೆ ಎಂಬ ಹಳೇ ಕಾಲದ ತರ್ಕ.

ಇದು ನಡೆದದ್ದು ಯಾವಾಗಿನವರೆಗೆ? 1964ರವರೆಗೆ. ಆ ಹೊತ್ತಿಗೆ ನಾವು ವಯಸ್ಕ ಮತಾಧಿಕಾರದ ಮೇಲೆ ಮೂರು ಸಾರ್ವತ್ರಿಕ ಚುನಾವಣೆ ಮುಗಿಸಿದ್ದೆವು. ಪ್ರಜಾಪ್ರಭುತ್ವದ ಪಾಠವನ್ನು ನಾವು ಪಶ್ಚಿಮದಿಂದ ಕಲಿತದ್ದು ಅಂತ ಹೇಳುವವರಿಗೆ ಈ ತಾರೀಖು ನೆನಪಿಸಬಹುದು.

1964ರ ಜೂನ್ 15ರಂದು ಅಮೆರಿಕದ ಸುಪ್ರೀಂ ಕೋರ್ಟ್ ರೆನಾಲ್ಡ್ಸ್ ವರ್ಸಸ್ ಸಿಮ್ಸ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ರಾಜ್ಯಗಳ ಎರಡೂ ಸದನಗಳ ಕ್ಷೇತ್ರಗಳು ಜನಸಂಖ್ಯೆಯಲ್ಲಿ ಹೆಚ್ಚೂಕಡಿಮೆ ಸಮ ಇರಲೇಬೇಕು ಅಂತ. ಅದೇ ನವೆಂಬರ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್ ತನ್ನ ಸಂವಿಧಾನ ತಿದ್ದಿಕೊಂಡಿತು. ತೆರಿಗೆ ಹೋಗಿ ಜನಸಂಖ್ಯೆ ಬಂತು.

ಅಲ್ಲಿಗೆ ಒಂದು ಅನ್ಯಾಯ ಮುಗಿಯಿತು. ಆದರೆ ಸಮಾನ ಜನಸಂಖ್ಯೆ ಅಂದರೆ ಸಮಾನ ಬೆಲೆಯ ಮತ ಅಂತ ಅಲ್ಲ.

ಗೆರೆಯ ಆಟ

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಐದು ಕ್ಷೇತ್ರ, ಒಂದೊಂದರಲ್ಲೂ 100 ಮತದಾರರು. ನೀಲಿ ಪಕ್ಷಕ್ಕೆ ಒಟ್ಟು 260 ಜನ, ಕೆಂಪು ಪಕ್ಷಕ್ಕೆ 240. ಸರಿಯಾಗಿ ನೋಡಿದರೆ ನೀಲಿ ಮೂರು, ಕೆಂಪು ಎರಡು ಗೆಲ್ಲಬೇಕು. ಆದರೆ ಗೆರೆ ಎಳೆಯುವ ಪೆನ್ನು ಕೆಂಪು ಪಕ್ಷದ ಕೈಯಲ್ಲಿದೆ ಅಂದುಕೊಳ್ಳಿ. ಅವರು ನೀಲಿಯ 80 ಜನರನ್ನು ಒಂದೇ ಕ್ಷೇತ್ರಕ್ಕೆ ತುಂಬುತ್ತಾರೆ. ಅಲ್ಲಿ ನೀಲಿ 80-20ರಲ್ಲಿ ಭರ್ಜರಿ ಗೆಲುವು. ಉಳಿದ 180 ನೀಲಿ ಮತದಾರರನ್ನು ನಾಲ್ಕು ಕ್ಷೇತ್ರಗಳಿಗೆ 45ರಂತೆ ಹಂಚುತ್ತಾರೆ. ನಾಲ್ಕರಲ್ಲೂ ಕೆಂಪು 55-45ರಲ್ಲಿ ಗೆಲ್ಲುತ್ತೆ. ಕಡಿಮೆ ಮತ, ಐದರಲ್ಲಿ ನಾಲ್ಕು ಸ್ಥಾನ. ಒಬ್ಬನೇ ಒಬ್ಬ ಮತದಾರನ ಮನಸ್ಸು ಬದಲಾಯಿಸಬೇಕಾಗಿಲ್ಲ.

ಇದಕ್ಕೆ ಗೆರಿಮ್ಯಾಂಡರಿಂಗ್ ಅಂತ ಹೆಸರು. ಹುಟ್ಟಿದ್ದೇ ರಾಜ್ಯ ಸೆನೆಟ್ ನಕ್ಷೆಯಿಂದ, ಅದೂ ನ್ಯೂ ಹ್ಯಾಂಪ್‌ಶೈರ್‌ನ ಪಕ್ಕದ ಮ್ಯಾಸಚೂಸೆಟ್ಸ್‌ನಲ್ಲಿ. 1812ರಲ್ಲಿ ಗವರ್ನರ್ ಎಲ್ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯ ಒಂದು ಕ್ಷೇತ್ರ ಸ್ಯಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹಾಗೆ ಕಾಣುತ್ತಿತ್ತು. ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರು ಬರೆದು 'ಗೆರಿಮ್ಯಾಂಡರ್' ಅಂತ ಕರೆಯಿತು. ಆ ವರ್ಷ ಗೆರಿ ಸೋತರು. ಅವರ ಪಕ್ಷ ಮಾತ್ರ ಸೆನೆಟ್ ಉಳಿಸಿಕೊಂಡಿತು. ನಕ್ಷೆ ತನ್ನ ಕೆಲಸ ಮಾಡಿತ್ತು.

ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಈ ಆಟಕ್ಕೆ ಸ್ವಲ್ಪ ಕಡಿವಾಣ ಇದೆ. ಸಂವಿಧಾನದ ಪ್ರಕಾರ ಒಂದು ಊರನ್ನೋ ನಗರದ ಒಂದು ವಾರ್ಡನ್ನೋ ಸೆನೆಟ್ ಕ್ಷೇತ್ರಕ್ಕಾಗಿ ಎರಡು ಮಾಡುವ ಹಾಗಿಲ್ಲ, ಸೇರಿಸುವ ಊರುಗಳು ಒಂದಕ್ಕೊಂದು ತಾಗಿಕೊಂಡಿರಬೇಕು. ಹಾಗಾಗಿ ಬೀದಿ ಬೀದಿ ಸುತ್ತುವ ಹಾವಿನಂಥ ಗೆರೆ ಎಳೆಯೋಕಾಗಲ್ಲ. ಆದರೆ 13 ನಗರ, 221 ಟೌನ್ ಇರುವ ರಾಜ್ಯದಲ್ಲಿ ಯಾವ ಊರಿಗೆ ಯಾವ ಊರು ಜೋಡಿಸುತ್ತೀರಿ ಅನ್ನೋದೇ ಸಾಕು. ಡೆಮಾಕ್ರಟರ ಮತ ಹೆಚ್ಚಾಗಿರುವುದು ಕೀನ್, ಹ್ಯಾನೋವರ್, ಕಾನ್‌ಕಾರ್ಡ್, ಡರಮ್, ಪೋರ್ಟ್ಸ್‌ಮತ್‌ನಂಥ ಕಾಲೇಜು ಊರು, ಪಟ್ಟಣಗಳಲ್ಲಿ. ಇವು ತಾವಾಗಿಯೇ ಗುಡ್ಡೆ ಬಿದ್ದಿವೆ. ಅದನ್ನೇ ಇನ್ನಷ್ಟು ಒತ್ತಿ ತುಂಬಿದರೆ ಸುತ್ತಲಿನ ಕ್ಷೇತ್ರಗಳು ಹಗುರವಾಗುತ್ತವೆ.

ಯಾವಾಗ ಗೆಲ್ಲುತ್ತೀರಿ ಅನ್ನೋದು ಮುಖ್ಯ

ಹತ್ತು ವರ್ಷಕ್ಕೊಮ್ಮೆ ಗಣತಿ ಆದ ಮೇಲೆ ಈ ನಕ್ಷೆ ಬರೆಯೋದು ಶಾಸಕರೇ. ಬೇರೆ ಮಸೂದೆಗಳ ಹಾಗೇ ಇದನ್ನೂ ಪಾಸು ಮಾಡಿ ಗವರ್ನರ್ ಸಹಿಗೆ ಕಳಿಸುತ್ತಾರೆ. ಅಂದರೆ ಆಟಗಾರರೇ ಪಿಚ್ ತಯಾರು ಮಾಡುವವರು.

ಹಾಗಾಗಿ ಸೊನ್ನೆಯಿಂದ ಕೊನೆಯಾಗುವ ವರ್ಷದ ಚುನಾವಣೆ ಬೇರೆ ಚುನಾವಣೆಗಳಂತಲ್ಲ. 2010ರ ಟೀ ಪಾರ್ಟಿ ಅಲೆಯಲ್ಲಿ ರಿಪಬ್ಲಿಕನ್ನರು ಸೆನೆಟ್ಟನ್ನು 19-5, ಕೆಳಮನೆಯನ್ನು 298-102ರಿಂದ ಗೆದ್ದರು. ಗವರ್ನರ್ ಜಾನ್ ಲಿಂಚ್ ಡೆಮಾಕ್ರಟ್, ಆದರೆ ಅಂಥ ಬಹುಮತದ ಮುಂದೆ ಅವರ ವೀಟೋಗೆ ಬೆಲೆ ಇರಲಿಲ್ಲ. ಮುಂದಿನ ದಶಕದ ನಕ್ಷೆ ಆ ಶಾಸನಸಭೆಯೇ ಬರೆಯಿತು. 2012ರಲ್ಲಿ ಒಬಾಮಾ ಆ ರಾಜ್ಯ ಗೆದ್ದರು, ಡೆಮಾಕ್ರಟ್ ಮ್ಯಾಗಿ ಹಸನ್ ಸುಮಾರು 55% ಮತ ಪಡೆದು ಗವರ್ನರ್ ಆದರು, ಕೆಳಮನೆಯೂ ಡೆಮಾಕ್ರಟರಿಗೆ ಬಂತು. ಸೆನೆಟ್ ಮಾತ್ರ 13-11ರಲ್ಲಿ ರಿಪಬ್ಲಿಕನ್ನರ ಬಳಿಯೇ ಉಳಿಯಿತು.

2018ರಲ್ಲಿ ಡೆಮಾಕ್ರಟರು ಗೆದ್ದರಲ್ಲ, ಮರಣದಂಡನೆ ತೆಗೆದರಲ್ಲ, ಅವರು ನಕ್ಷೆ ಬರೆಯೋಕೆ ಆಗಲಿಲ್ಲ. ಗಣತಿಯೇ ಆಗಿರಲಿಲ್ಲ. ಆ ಅಧಿಕಾರವನ್ನು ಸ್ವತಂತ್ರ ಆಯೋಗಕ್ಕೆ ಕೊಡುವ ಮಸೂದೆಯನ್ನು 2019ರಲ್ಲಿ ಪಾಸು ಮಾಡಿದರು, ಸುನುನು ವೀಟೋ ಮಾಡಿದರು. ಜನರಿಂದ ಆಯ್ಕೆಯಾಗದ ಆಯೋಗಕ್ಕೆ ಶಾಸಕರ ಜವಾಬ್ದಾರಿ ಯಾಕೆ ಕೊಡಬೇಕು ಅನ್ನೋದು ಅವರ ವಾದ. 2020ರ ನವೆಂಬರ್‌ನಲ್ಲಿ ಬೈಡನ್ ಆ ರಾಜ್ಯವನ್ನು ಸುಮಾರು 7 ಅಂಶಗಳಿಂದ ಗೆದ್ದ ದಿನವೇ ಸೆನೆಟ್ ಮತ್ತೆ ಉಲ್ಟಾ, ರಿಪಬ್ಲಿಕನ್ 14, ಡೆಮಾಕ್ರಟ್ 10. ಕೆಳಮನೆಯೂ ಅವರದ್ದು, ಗವರ್ನರ್ರೂ ಅವರದ್ದು. ಪೆನ್ನು ಮತ್ತೆ ಅದೇ ಕೈಗೆ.

ಮುಂದಿನ ವರ್ಷ, 2021ರ ಜೂನ್‌ನಲ್ಲಿ, ಬಜೆಟ್ ಜೊತೆಗಿನ ಮಸೂದೆಯೊಳಗೇ 24 ವಾರದ ನಂತರದ ಗರ್ಭಪಾತಕ್ಕೆ ನಿಷೇಧ ಬಂತು. ಖಾಸಗಿ ಶಾಲೆಗೆ ಸರ್ಕಾರಿ ದುಡ್ಡು ಬಳಸಬಹುದಾದ ಯೋಜನೆಯೂ ಅದರಲ್ಲೇ ಬಂತು. 2022ರಲ್ಲಿ ಹೊಸ ಸೆನೆಟ್ ನಕ್ಷೆಗೆ ಸಹಿ ಬಿತ್ತು. ಆ ನವೆಂಬರ್‌ನಲ್ಲಿ ವಾಷಿಂಗ್ಟನ್ ಸೆನೆಟ್‌ಗೆ ಹಸನ್ ಸುಮಾರು 9 ಅಂಶಗಳಿಂದ ಗೆದ್ದರು, ರಾಜ್ಯ ಸೆನೆಟ್ 14-10ರಲ್ಲೇ ನಿಂತಿತು. 2024ರಲ್ಲಿ ಕಮಲಾ ಹ್ಯಾರಿಸ್ ರಾಜ್ಯ ಗೆದ್ದರು, ರಾಜ್ಯ ಸೆನೆಟ್ 16-8. ಮೇಲೆ ಹೇಳಿದ 13, 15, 16ರ ಲೆಕ್ಕ ನೆನಪಿದೆಯಲ್ಲ? 16 ಅಂದರೆ ವಿರೋಧ ಪಕ್ಷದ ಒಂದೇ ಒಂದು ಮತವಿಲ್ಲದೆ ಸೆನೆಟ್ಟಿನಲ್ಲಿ ವೀಟೋ ಮುರಿಯಬಹುದು, ಸಂವಿಧಾನ ತಿದ್ದುಪಡಿಯನ್ನೂ ದಾಟಿಸಬಹುದು.

ಇಲ್ಲೊಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಎಲ್ಲದಕ್ಕೂ ನಕ್ಷೆಯೇ ಕಾರಣ ಅಂತ ಹೇಳಿದರೆ ಅದು ಸೋತವರ ಸಮಾಧಾನ ಆಗುತ್ತೆ. ಈ ರಾಜ್ಯದ ಜನ ಒಂದೇ ಮತಪತ್ರದಲ್ಲಿ ಆ ಪಕ್ಷಕ್ಕೂ ಈ ಪಕ್ಷಕ್ಕೂ ಗುರುತು ಹಾಕುವವರು. ಯಾವ ಪಕ್ಷಕ್ಕೂ ಹೆಸರು ಬರೆಸದ ಮತದಾರರೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು. ಬೈಡನ್ ಗೆದ್ದ ದಿನವೇ ಸುನುನು 65% ಮತ ತಗೊಂಡಿದ್ದರು. ಹ್ಯಾರಿಸ್ ಗೆದ್ದ ದಿನ ಗವರ್ನರ್ ಆಗಿ ಗೆದ್ದವರು ರಿಪಬ್ಲಿಕನ್ ಕೆಲ್ಲಿ ಅಯೋಟ್. 2002ರಲ್ಲಿ ಶಾಸನಸಭೆ ಮತ್ತು ಗವರ್ನರ್ ನಡುವೆ ಒಮ್ಮತ ಬಾರದೆ ರಾಜ್ಯದ ಸುಪ್ರೀಂ ಕೋರ್ಟೇ ಸೆನೆಟ್ ನಕ್ಷೆ ಬರೆದಿತ್ತು. 2006ರಲ್ಲಿ ಡೆಮಾಕ್ರಟರು 14-10, 2010ರಲ್ಲಿ ರಿಪಬ್ಲಿಕನ್ನರು 19-5 ಗೆದ್ದಿದ್ದಾರೆ. ರಿಪಬ್ಲಿಕನ್ನರು ಬರೆದ ನಕ್ಷೆಯಲ್ಲೇ 2018ರಲ್ಲಿ ಡೆಮಾಕ್ರಟರು ಗೆದ್ದದ್ದು. ದೊಡ್ಡ ಅಲೆ ಬಂದರೆ ಒಡ್ಡು ಒಡೆಯುತ್ತೆ. ಅಲೆ ಇಲ್ಲದ ಸಾಧಾರಣ ವರ್ಷಗಳಲ್ಲಿ ಆ ಒಡ್ಡು ಯಾರ ಗದ್ದೆ ಕಾಯುತ್ತೆ ಅನ್ನೋದು ನನ್ನ ಪ್ರಶ್ನೆ. ಎರಡು ಸ್ಥಾನದ ವ್ಯತ್ಯಾಸ ಸಾಕು, ಅದರ ಬೆಲೆ ಏನು ಅಂತ ಗಲ್ಲಿನ ಕಥೆಯಲ್ಲಿ ನೋಡಿದೆವು.

ಕೋರ್ಟ್ ಕೈತೊಳೆದುಕೊಂಡಾಗ

2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರೂಚೋ ಪ್ರಕರಣದಲ್ಲಿ 5-4ರಿಂದ ಹೇಳಿತು: ಪಕ್ಷದ ಲಾಭಕ್ಕಾಗಿ ನಕ್ಷೆ ತಿರುಚಿದರೆ ಅದು ಫೆಡರಲ್ ಕೋರ್ಟ್‌ಗಳು ಬಗೆಹರಿಸುವ ವಿಷಯ ಅಲ್ಲ, ರಾಜ್ಯಗಳ ಕಾನೂನು, ಕೋರ್ಟ್‌ಗಳಲ್ಲಿ ನೋಡಿಕೊಳ್ಳಿ. ಸರಿ, ನ್ಯೂ ಹ್ಯಾಂಪ್‌ಶೈರ್‌ನ ಕೆಲವು ಮತದಾರರು 2022ರ ಸೆನೆಟ್ ನಕ್ಷೆ ಹಿಡಿದುಕೊಂಡು ರಾಜ್ಯದ ಕೋರ್ಟ್‌ಗೆ ಹೋದರು. ಅರ್ಜಿದಾರರಲ್ಲಿ ಕೆಳಮನೆಯ ಮಾಜಿ ಸ್ಪೀಕರ್ ಟೆರಿ ನೊರೆಲ್ಲಿ ಕೂಡ ಇದ್ದರು. 2023ರ ನವೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 3-2ರಿಂದ ತೀರ್ಪು ಕೊಟ್ಟಿತು: ಇದು ರಾಜಕೀಯ ಪ್ರಶ್ನೆ, ಸಂವಿಧಾನದ ಸ್ಪಷ್ಟ ನಿಯಮ ಮುರಿಯದಿದ್ದರೆ ನಾವು ತಲೆಹಾಕಲ್ಲ.

ದೊಡ್ಡ ಕೋರ್ಟ್ ಸಣ್ಣ ಕೋರ್ಟ್‌ಗೆ ಕಳಿಸಿತು, ಸಣ್ಣ ಕೋರ್ಟ್ ಶಾಸಕರ ಹತ್ರ ಹೋಗಿ ಅಂತು. ಆ ಶಾಸಕರ ಮೇಲೇ ಅಲ್ವಾ ದೂರು ಇದ್ದಿದ್ದು?

ತಮಾಷೆ ಏನಂದ್ರೆ, ಅದೇ ಕೋರ್ಟ್ 2022ರಲ್ಲಿ ವಾಷಿಂಗ್ಟನ್ ಕೆಳಮನೆಯ ಎರಡು ಕ್ಷೇತ್ರಗಳ ನಕ್ಷೆಯನ್ನು ತಾನೇ ಒಪ್ಪಿಸಿ ಕೊಟ್ಟಿತ್ತು. ಶಾಸನಸಭೆಯ ನಕ್ಷೆಗೆ ಸುನುನು ಅವರೇ ಒಪ್ಪದೆ ಬಿಕ್ಕಟ್ಟಾದಾಗ ಕೋರ್ಟ್ ತಜ್ಞರೊಬ್ಬರನ್ನು ನೇಮಿಸಿ, ಬರೀ ಐದು ಊರುಗಳನ್ನು ಆಚೀಚೆ ಮಾಡಿ ಕೆಲಸ ಮುಗಿಸಿತು. ಅಂದರೆ ನಕ್ಷೆ ಬರೆಯೋದು ಕೋರ್ಟ್‌ಗೆ ಆಗದ ಕೆಲಸ ಏನಲ್ಲ. ಜಗಳ ಆಡಿದರೆ ಕೋರ್ಟ್ ಬರುತ್ತೆ. ಮೂರೂ ಕಡೆ ಒಂದೇ ಪಕ್ಷ ಇದ್ದು ಜಗಳವೇ ಇಲ್ಲದಿದ್ದರೆ ಬರಲ್ಲ.

ಮಿಷಿಗನ್‌ನಲ್ಲಿ 2018ರಲ್ಲಿ ಜನರೇ ಸಹಿ ಸಂಗ್ರಹಿಸಿ, ಮತಕ್ಕೆ ಹಾಕಿಸಿ, ನಕ್ಷೆ ಬರೆಯುವ ಅಧಿಕಾರವನ್ನು ನಾಗರಿಕರ ಆಯೋಗಕ್ಕೆ ಕೊಡಿಸಿದರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಆ ದಾರಿಯೂ ಇಲ್ಲ. ಜನ ತಾವಾಗಿ ಕಾನೂನನ್ನು ಮತಕ್ಕೆ ತರುವ ಅವಕಾಶ ಅಲ್ಲಿನ ಸಂವಿಧಾನದಲ್ಲಿಲ್ಲ. ತಿದ್ದುಪಡಿ ಶಾಸಕರಿಂದಲೇ ಬರಬೇಕು, ಬಂದಮೇಲೂ ಮತದಾರರ ಮೂರನೇ ಎರಡರಷ್ಟು ಒಪ್ಪಿಗೆ ಬೇಕು.

ಇದನ್ನೆಲ್ಲ ಓದುವಾಗ ನಮ್ಮಲ್ಲಿ ಹೀಗಿಲ್ಲವಲ್ಲ ಅನಿಸಬಹುದು. ಅರ್ಧ ಸತ್ಯ. ವಿಧಾನಸಭೆ, ಲೋಕಸಭೆ ಕ್ಷೇತ್ರಗಳನ್ನು ನಮ್ಮಲ್ಲಿ ನಿವೃತ್ತ ನ್ಯಾಯಮೂರ್ತಿ ನೇತೃತ್ವದ ಆಯೋಗ ವಿಂಗಡಿಸುತ್ತೆ. ಹಾಲಿ ಶಾಸಕರು ಸಲಹೆಗಾರರು ಮಾತ್ರ, ಮತ ಹಾಕುವಂತಿಲ್ಲ. ಆದರೆ ಬೆಂಗಳೂರಿನ ವಾರ್ಡ್‌ಗಳ ಕಥೆ ನೆನಪಿಸಿಕೊಳ್ಳಿ. 198 ಇದ್ದದ್ದು 2022ರಲ್ಲಿ ಬಿಜೆಪಿ ಸರ್ಕಾರದಲ್ಲಿ 243 ಆಯಿತು, 2023ರಲ್ಲಿ ಕಾಂಗ್ರೆಸ್ ಬಂದ ಮೇಲೆ 225 ಆಯಿತು, ಆಮೇಲೆ ಪಾಲಿಕೆಯನ್ನೇ ಐದು ಮಾಡಲಾಯಿತು. ಪ್ರತಿ ಸಲ ಗೆರೆ ಎಳೆದದ್ದು ಅಧಿಕಾರದಲ್ಲಿದ್ದ ಸರ್ಕಾರ, ಪ್ರತಿ ಸಲ ವಿರೋಧ ಪಕ್ಷದ ದೂರು ಒಂದೇ. ಅಲ್ಲಿ ಕನಿಷ್ಠ ಎರಡು ವರ್ಷಕ್ಕೊಮ್ಮೆ ಚುನಾವಣೆಯಾದರೂ ತಪ್ಪದೆ ನಡೆಯುತ್ತೆ. ಬಿಬಿಎಂಪಿ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ.

ನ್ಯೂ ಹ್ಯಾಂಪ್‌ಶೈರ್‌ನ ಮುಂದಿನ ಸೆನೆಟ್ ನಕ್ಷೆ ಬರೆಯುವವರು 2030ರ ನವೆಂಬರ್‌ನಲ್ಲಿ ಆಯ್ಕೆಯಾಗುತ್ತಾರೆ. ಅವರು ಆಯ್ಕೆಯಾಗುವುದು ಈಗಿನ ನಕ್ಷೆಯ ಮೇಲೇ. ಸಂವಿಧಾನ ಪರಿಷ್ಕರಣೆಗೆ ಸಮಾವೇಶ ಕರೆಯಬೇಕೇ ಎಂಬ ಪ್ರಶ್ನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಜನರ ಮುಂದಿಡಬೇಕು ಅಂತ ಅಲ್ಲಿ ನಿಯಮ ಇದೆ. 2022ರಲ್ಲಿ ಜನ ಬೇಡ ಅಂದರು. ಶಾಸಕರು ತಾವಾಗಿ ಮೊದಲೇ ಕೇಳದಿದ್ದರೆ ಮುಂದಿನ ಸಲ ಆ ಪ್ರಶ್ನೆ ಬರುವುದು 2032ರ ನವೆಂಬರ್‌ನಲ್ಲಿ. ಅಷ್ಟೊತ್ತಿಗೆ ಮುಂದಿನ ದಶಕದ ನಕ್ಷೆಗೆ ಸಹಿ ಬಿದ್ದು, ಅದೇ ದಿನ ಅದೇ ನಕ್ಷೆಯಲ್ಲಿ ಜನ ಮತ ಹಾಕುತ್ತಿರುತ್ತಾರೆ.